ತುಟಿ ಓದುವವರ ಮನೆ

ನನ್ನ ತಮ್ಮ ಚಲಪತಿ ಬಾಯಿಬಡುಕ. ಇದನ್ನು ನಾನು ಪ್ರೀತಿಯಿಂದಲೇ ಹೇಳುತ್ತಿದ್ದೇನೆ. ಪ್ರೀತಿ ಇಲ್ಲದವರು ಇನ್ನೂ ಕೆಟ್ಟದಾಗಿ ಹೇಳುತ್ತಾರೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಹುಟ್ಟಿದವರು ನಾವು ಮೂವರು. ದೊಡ್ಡವಳು ನಾನು, ಪ್ರಮೋದಾ. ನಡುವಿನವನು ಚಲಪತಿ, ಕೊನೆಯವನು ಅಶೋಕ. ನಾನು ಟೀಚರ್ ಆಗಿ ತ್ಯಾಮಗೊಂಡ್ಲಿಗೆ ಮದುವೆಯಾಗಿ ಹೋದೆ, ಅಶೋಕ ಡಿಪ್ಲೊಮಾ ಮುಗಿಸಿ ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಎಲೆಕ್ಟ್ರಿಕಲ್ ಕೆಲಸಕ್ಕೆ ಸೇರಿದ. ಅಪ್ಪನ ಮಗ್ಗಗಳ ಹತ್ತಿರ ಉಳಿದವನು ಚಲಪತಿ ಒಬ್ಬನೇ.

ನಾಲ್ಕು ಪವರ್‌ಲೂಮ್ ಒಟ್ಟಿಗೆ ಓಡುವ ಕಡೆ ಯಾರ ಗಂಟಲೂ ಉಪಯೋಗಕ್ಕೆ ಬರುವುದಿಲ್ಲ. ಪಕ್ಕದಲ್ಲಿ ನಿಂತು ಕಿರುಚಿದರೂ ಕೇಳಿಸುವುದಿಲ್ಲ. ಹಾಗಾಗಿ ಮಗ್ಗದವರು ತುಟಿಯಲ್ಲಿ ಮಾತಾಡುತ್ತಾರೆ. ದನಿ ಹೊರಡಿಸುವ ಗೋಜಿಗೇ ಹೋಗದೆ, ಬಾಯಿ ಅಗಲಿಸಿ ಒಂದೊಂದು ಮಾತನ್ನೂ ಬಿಡಿಸಿ ತೋರಿಸುತ್ತಾರೆ, ಆಚೆ ಮಗ್ಗದವರು ಅದನ್ನು ಓದಿಕೊಂಡು ಉತ್ತರ ಕೊಡುತ್ತಾರೆ. ಊರ ಸುದ್ದಿಯೆಲ್ಲ ಹೀಗೇ ಹರಡುತ್ತದೆ. ನಾನು ಪುಸ್ತಕ ಹಿಡಿದು ಜಗಲಿಯಲ್ಲಿ ಕೂತವಳು, ಅಶೋಕ ಹಾಸ್ಟೆಲಿನಲ್ಲಿ ಬೆಳೆದವನು. ನಮ್ಮಿಬ್ಬರಿಗೂ ಆ ವಿದ್ಯೆ ಸರಿಯಾಗಿ ಹತ್ತಲಿಲ್ಲ.

ಚಲಪತಿಯ ಹೆಂಡತಿ ಮುನಿರತ್ನಮ್ಮ ನಂದಗುಡಿ ಕಡೆಯ ತರಕಾರಿ ಬೆಳೆಯುವವರ ಮಗಳು. ಮದುವೆಯಾಗಿ ಬಂದಾಗ ಅವಳಿಗೆ ಲಾಳಿ ಯಾವುದು, ಬೀಮು ಯಾವುದು ಎಂದು ಗೊತ್ತಿರಲಿಲ್ಲ. ಆದರೆ ಆರೇ ತಿಂಗಳಲ್ಲಿ ತುಟಿ ಓದುವುದರಲ್ಲಿ ನಮ್ಮ ಅಮ್ಮನನ್ನೇ ಮೀರಿಸಿದಳು. ಯಾಕೆಂದು ಕೇಳಬೇಕೆ? ಅತ್ತೆ ಪಕ್ಕದಲ್ಲೇ ಕಂಡಿಕೆಗೆ ನೂಲು ಸುತ್ತುತ್ತ ಕೂತಿರುವಾಗ, ಗಂಡ ಎರಡು ಮಗ್ಗದಾಚೆಯಿಂದ ಏನೇನೋ ಹೇಳುತ್ತಿದ್ದ. ಇವಳು ತಲೆ ತಗ್ಗಿಸಿ ನಗುತ್ತಿದ್ದಳು. ಅಮ್ಮ ನನ್ನ ಹತ್ತಿರ ಬಂದು, "ಅದೇನು ಹೇಳ್ತಾನೋ, ಅದೇನು ಕಿಸೀತಾಳೋ" ಎಂದು ಗೊಣಗುತ್ತಿದ್ದಳು.

ಮಗ್ಗ ನಿಂತ ಮೇಲೆ ಮಾತ್ರ ಚಲಪತಿಗೆ ಗಂಟಲು ಬರುತ್ತಿತ್ತು. ಇಡೀ ದಿನ ಅದುಮಿಟ್ಟ ದನಿಯೆಲ್ಲ ಒಟ್ಟಿಗೆ ಹೊರಡುತ್ತಿತ್ತು. ಬೀದಿಯಲ್ಲಿ ನಿಂತು ರಾಜಕೀಯ ಮಾತಾಡಿದರೆ ಮೂರನೇ ಮನೆಯವರು ಅಲ್ಲಿಂದಲೇ ಉತ್ತರ ಕೊಡುತ್ತಿದ್ದರು. ದಿನಾ ಬೆಳಿಗ್ಗೆ ಎಂಟಕ್ಕೆ ನನಗೆ ಫೋನ್. "ಅಕ್ಕಾ, ತಿಂಡಿ ಆಯ್ತಾ?" ಎಂಬ ಒಂದು ಪ್ರಶ್ನೆಯನ್ನು ನಾನು ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ಕೇಳಬೇಕಿತ್ತು.

ಕಳೆದ ಗೌರಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ, ಮಗ್ಗದ ಮೇಲೆ ಕೂರಿಸಿದ, ಸೀರೆಗೆ ಚಿತ್ತಾರ ಮೂಡಿಸುವ ಜಕಾರ್ಡ್ ಯಂತ್ರ ಸರಿಮಾಡಲು ಹತ್ತಿದ ಚಲಪತಿ ಜಾರಿ ಬಿದ್ದ. ಕತ್ತಿನ ಮೂಳೆ ಮುರಿಯಿತು. ಕತ್ತಿನ ಕೆಳಗೆ ಎಲ್ಲವೂ ನಿಂತುಹೋಯಿತು, ಉಸಿರಾಟವೂ. ಬೆಂಗಳೂರಿನ ಆಸ್ಪತ್ರೆಯಲ್ಲಿ ಮೂರು ತಿಂಗಳು ಇದ್ದ. ಗಂಟಲಿಗೆ ತೂತು ಮಾಡಿ ಕೊಳವೆ ಇಟ್ಟರು, ಕೊಳವೆಗೆ ವೆಂಟಿಲೇಟರ್ ಸಿಕ್ಕಿಸಿದರು. ಟ್ರೇಕಿಯಾಸ್ಟಮಿ ಎಂಬ ಆ ಪದವನ್ನು ನಾನು ಅರವತ್ತರ ಹತ್ತಿರದ ವಯಸ್ಸಿನಲ್ಲಿ ಸ್ಪೆಲ್ಲಿಂಗ್ ಸಮೇತ ಕಲಿತೆ. ಮಿಷಿನ್ ಜೊತೆಗೇ ಅವನನ್ನು ಮನೆಗೆ ಕರೆತಂದೆವು. ಮುಖ ಅದೇ, ಬುದ್ಧಿ ಅದೇ, ಕಣ್ಣಿನ ತುಂಟತನವೂ ಅದೇ. ದನಿ ಮಾತ್ರ ಇರಲಿಲ್ಲ.

ಇಲ್ಲಿ ನಮ್ಮವರು ಒಂದು ತಪ್ಪು ಮಾಡಿದರು. ಮಗ್ಗದ ಮನೆಯವರಲ್ಲದೆ ಬೇರೆ ಯಾರೂ ಆ ತಪ್ಪು ಮಾಡಲಾರರು. ಮನೆಗೆ ಕಳಿಸುವ ದಿನ ಆಸ್ಪತ್ರೆಯ ಡಾಕ್ಟರು ಒಂದು ಪಟ್ಟಿ ಹಿಡಿದು ಪ್ರಶ್ನೆ ಕೇಳಿದರು. ಊಟ ಹೇಗೆ, ಹೊರಳಿಸುವುದು ಹೇಗೆ, ಕಫ ತೆಗೆಯುವುದು ಬರುತ್ತದೆಯೇ. ಕೊನೆಯ ಪ್ರಶ್ನೆ, "ಇವರು ಮಾತಾಡೋದು ಹೇಗೆ?" ಮುನಿರತ್ನ ಹೆಮ್ಮೆಯಿಂದ ಹೇಳಿದಳಂತೆ, "ಅದೇನೂ ತೊಂದ್ರೆ ಇಲ್ಲ ಸಾರ್, ಚೆನ್ನಾಗಿ ಮಾತಾಡ್ತಾರೆ, ನಮ್ಗೆಲ್ಲಾ ಅರ್ಥ ಆಗ್ತದೆ." ಡಾಕ್ಟರು ಬರೆದುಕೊಂಡರು. ಅಲ್ಲಿಗೆ ಆ ವಿಷಯ ಮುಗಿಯಿತು.

ಅವಳು ಸುಳ್ಳು ಹೇಳಿರಲಿಲ್ಲ. ಅವನ ತುಟಿ ಅಲ್ಲಾಡುತ್ತಿತ್ತು, ಅವಳು ಓದುತ್ತಿದ್ದಳು. ಇಪ್ಪತ್ತೈದು ವರ್ಷದಿಂದ ಅವರಿಬ್ಬರು ಮಾತಾಡಿದ್ದೇ ಹಾಗೆ. ಅವನು ಹೇಳಿದ್ದನ್ನು ಬಂದವರಿಗೆ ಅವಳು ಗಟ್ಟಿಯಾಗಿ ಹೇಳುತ್ತಿದ್ದಳು. ಹೇಳುವಾಗ ಸ್ವಲ್ಪ ತೊಳೆದು ಬಳಿದು ಹೇಳುತ್ತಿದ್ದಳು ಎಂಬುದು ಬೇರೆ ಮಾತು. ಒಂದು ಭಾನುವಾರ ನೆಂಟರೊಬ್ಬರು ಬಂದು ಎರಡು ಗಂಟೆ ಉಪದೇಶ ಮಾಡಿದರು. ಚಲಪತಿಯ ತುಟಿ ಕೋಪದಿಂದ ಕುಣಿಯಿತು. ಮುನಿರತ್ನ ಅವರ ಕಡೆ ತಿರುಗಿ, "ನೀವು ಬಂದಿದ್ದು ಬಾಳ ಸಂತೋಷ ಅಂತಾವ್ರೆ" ಎಂದಳು. ಅವನು ಹೇಳಿದ್ದರಲ್ಲಿ ಒಂದು ಶಬ್ದ ಮಾತ್ರ ನನಗೂ ಓದಲು ಬಂದಿತ್ತು. ಅದನ್ನು ಇಲ್ಲಿ ಬರೆಯಲಾರೆ.

ನಗುತ್ತಿದ್ದೆವು, ನಿಜ. ಆದರೆ ನನಗೆ ಒಳಗೊಳಗೇ ಉರಿಯುತ್ತಿತ್ತು. ಬೆಳಿಗ್ಗೆ ಎಂಟು ಗಂಟೆಗೆ ಫೋನ್ ಸುಮ್ಮನಿರುತ್ತಿತ್ತು. ನೆಲಮಂಗಲದಲ್ಲಿ ಬಸ್ ಬದಲಾಯಿಸಿ ಪ್ರತಿ ಭಾನುವಾರ ಬಂದು ಅವನ ಮುಂದೆ ಕೂತರೆ, ನನ್ನ ಸ್ವಂತ ತಮ್ಮನ ಮಾತನ್ನು ನಾನು ಅವನ ಹೆಂಡತಿಯ ದನಿಯಲ್ಲಿ ಕೇಳಬೇಕಿತ್ತು. ಅಸೂಯೆ ಎನ್ನಿ, ಒಪ್ಪಿಕೊಳ್ಳುತ್ತೇನೆ.

ಮೇ ತಿಂಗಳ ಒಂದು ಭಾನುವಾರ ಅಶೋಕ ಬಂದು ವಿಷಯ ತೆಗೆದ. ಮಗ್ಗಗಳು ನಿಂತು ಎಂಟು ತಿಂಗಳಾಗಿದೆ, ತುಕ್ಕು ಹಿಡಿಯುತ್ತಿವೆ. ಗುಜರಿಯವರು ಕಡಿದು ಒಯ್ಯುತ್ತಾರೆ. ಮಗ್ಗದ ಮನೆಯನ್ನು ಯಾವುದೋ ಪಾರ್ಸೆಲ್ ಕಂಪನಿಯವರು ಗೋದಾಮಿಗೆ ಬಾಡಿಗೆ ಕೇಳುತ್ತಿದ್ದಾರೆ. ಅಶೋಕ ಕೆಟ್ಟವನಲ್ಲ. ಅಣ್ಣನ ಮನೆ ನಡೆಯಲಿ ಎಂದೇ ಓಡಾಡಿದವನು.

"ಅಣ್ಣಾ, ನೀನು ಹೂಂ ಅಂದ್ರೆ ಮುಂದಿನ ತಿಂಗಳು ಮೊದಲ ಭಾನುವಾರ ಬರಕ್ಕೆ ಹೇಳ್ತೀನಿ" ಎಂದ.

ಚಲಪತಿಯ ತುಟಿ ಅಲ್ಲಾಡಿತು. ಬಹಳ ಹೊತ್ತು ಅಲ್ಲಾಡಿತು. ಅಶೋಕ ಎಂದಿನಂತೆ ಅತ್ತಿಗೆಯ ಮುಖ ನೋಡಿದ. ನಾನೂ ನೋಡಿದೆ. ಮುನಿರತ್ನ ಸೆರಗಿನ ತುದಿ ತಿರುಚುತ್ತ ನೆಲ ನೋಡಿ ಹೇಳಿದಳು, "ಕೊಟ್ಬಿಡು ಅಂತಾವ್ರೆ."

ಅಷ್ಟು ಉದ್ದದ ಮಾತಿಗೆ ಇಷ್ಟು ಚಿಕ್ಕ ಉತ್ತರವೇ ಎಂದು ನನಗೆ ಅನುಮಾನ ಬಂತು. ಚಲಪತಿಯ ಕಡೆ ತಿರುಗಿದೆ. ಅವನು ಹೆಂಡತಿಯನ್ನೇ ನೋಡುತ್ತಿದ್ದ. ಆಮೇಲೆ ತುಟಿ ಮುಚ್ಚಿದ.

ಮುಚ್ಚಿದವನು ತೆರೆಯಲೇ ಇಲ್ಲ. ಮಂಗಳವಾರ ಅವನ ಮಗಳು ದಿವ್ಯ ಫೋನ್ ಮಾಡಿದಳು. ಇಪ್ಪತ್ತೆರಡರ ಹುಡುಗಿ, ಬಿ.ಕಾಂ. ಮುಗಿಸಿದ್ದಾಳೆ, ಅಪ್ಪನ ಜೊತೆ ಮಗ್ಗ ಓಡಿಸಿ ಕೈ ಪಳಗಿದವಳು. ಆ ಭಾನುವಾರ ಗೆಳತಿಯ ಮದುವೆಗೆ ಹೊಸಕೋಟೆಗೆ ಹೋಗಿದ್ದಳು.

"ಅತ್ತೆ, ಅಪ್ಪ ಯಾರ ಜೊತೇನೂ ಮಾತಾಡ್ತಿಲ್ಲ. ಮಗ್ಗ ಕೊಡಕ್ಕೆ ಒಪ್ಪಿದ್ರಂತೆ, ಅಮ್ಮ ಹೇಳಿದ್ರು. ನಂಗೆ ಓಡಿಸು ಅಂತ ಹೇಳಿದ್ದೋರು ಅಪ್ಪಾನೇ. ಯಾಕಪ್ಪಾ ಅಂತ ಕೇಳಿದ್ರೆ ಕಣ್ಣು ಮುಚ್ಕೋತಾರೆ" ಎಂದು ಅತ್ತಳು.

ಬುಧವಾರ ಮೊದಲ ಬಸ್ಸಿಗೇ ಹೊರಟೆ. ನನ್ನ ಹಳೆಯ ಶಾಲೆಯಿಂದ ಕಾಗುಣಿತದ ದೊಡ್ಡ ಚಾರ್ಟ್ ತಂದಿದ್ದೆ. ಮುನಿರತ್ನ ಹಾಲು ತರಲು ಹೋದ ಹೊತ್ತು ನೋಡಿ, ಚಾರ್ಟನ್ನು ಅವನ ಮುಂದೆ ಹಿಡಿದು ಒಂದೊಂದು ಸಾಲಿನ ಮೇಲೂ ಬೆರಳಿಟ್ಟೆ. ಬೇಕಾದ ಅಕ್ಷರ ಬಂದಾಗ ಕಣ್ಣು ಮುಚ್ಚು ಎಂದೆ. ಮೂವತ್ತೆರಡು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ, ಇಷ್ಟು ನಿಧಾನದ ಪಾಠ ಹೇಳಿರಲಿಲ್ಲ. ಅರ್ಧ ಗಂಟೆಯಲ್ಲಿ ಬಂದದ್ದು ಇಷ್ಟು: ಬೇಡ ಅಂದೆ. ದಿವ್ಯ ಓಡಿಸಲಿ ಅಂದೆ.

ಮುನಿರತ್ನ ಅವನ ಮಾತನ್ನು ತಿರುಚಿದ್ದಳು. ಅವನಿಗಿದ್ದ ಒಂದೇ ಬಾಯಿ ಅವಳದು, ಆ ಬಾಯಲ್ಲಿ ಅವಳು ತನ್ನ ಮಾತು ಆಡಿದ್ದಳು. "ಬರಲಿ ಅವಳು, ಇವತ್ತು ಬಿಡಲ್ಲ" ಎಂದು ಎದ್ದೆ. ಚಲಪತಿ ಕಣ್ಣನ್ನು ಪಟಪಟ ಮಿಟುಕಿಸಿ ನನ್ನನ್ನು ಕೂರಿಸಿದ. ಮತ್ತೆ ಚಾರ್ಟ್ ಹಿಡಿದೆ. ಸುಮ್ಮನಿರು. ನಾನೇ ಹೇಳ್ತೀನಿ.

"ನೀನು ಹೇಗೋ ಹೇಳ್ತೀಯಾ?" ಎಂದೆ. ಅವನ ಹಟ ಮಾತ್ರ ನನಗೆ ಅರ್ಥವಾಯಿತು. ದಿವ್ಯ ಹೇಳಿದರೆ ತಾಯಿ ಮಗಳ ಜಗಳ. ನಾನು ಹೇಳಿದರೆ ಗಂಡನ ಅಕ್ಕ ಮನೆ ಸೊಸೆಯ ಮೇಲೆ ಬಿದ್ದಳು ಎನ್ನುತ್ತಾರೆ. ಇನ್ನೊಬ್ಬರ ಬಾಯಿಂದ ಬಂದರೆ ಅದು ಮತ್ತೆ ಇನ್ನೊಬ್ಬರ ಮಾತೇ. ಗುಜರಿಯವರು ಬರಲು ಹದಿನೆಂಟು ದಿನ ಉಳಿದಿತ್ತು.

ಮರುದಿನವೇ ಬೆಂಗಳೂರಿನ ಆಸ್ಪತ್ರೆಗೆ ಹೋದೆ. "ಗಂಟಲಲ್ಲಿ ಕೊಳವೆ ಇದ್ದವರಿಗೆ, ಮಿಷಿನ್ ಮೇಲೆ ಇದ್ದವರಿಗೆ ದನಿ ಬರುವ ದಾರಿ ಇಲ್ಲವಾ?" ಎಂದು ಡಾಕ್ಟರನ್ನು ಕೇಳಿದೆ. ಅವರು ಫೈಲ್ ತಿರುವಿ ನೋಡಿ ಬೆಚ್ಚಿದರು.

"ಚೆನ್ನಾಗಿ ಮಾತಾಡ್ತಾರೆ ಅಂತ ಬರೆದಿದೆಯಲ್ಲ ಮೇಡಂ!"

"ತುಟಿಯಲ್ಲಿ ಮಾತಾಡ್ತಾನೆ ಸ್ವಾಮಿ. ನಾವು ಮಗ್ಗದವರು" ಎಂದೆ. ಅವರಿಗೆ ಅದು ಅರ್ಥವಾಗಲು ಹತ್ತು ನಿಮಿಷ ಬೇಕಾಯಿತು. ಅರ್ಥವಾದ ಮೇಲೆ ತಲೆಯ ಮೇಲೆ ಕೈಯಿಟ್ಟುಕೊಂಡರು. ನಾಲಿಗೆ, ಗಂಟಲು, ಬುದ್ಧಿ ಎಲ್ಲವೂ ನೆಟ್ಟಗಿರುವವನಿಗೆ ಆರು ತಿಂಗಳ ಹಿಂದೆಯೇ ದನಿ ಬರಿಸಲು ನೋಡಬಹುದಿತ್ತಂತೆ.

ಆಸ್ಪತ್ರೆಯಿಂದ ಚೈತ್ರ ಎಂಬ ಹುಡುಗಿ ಬಂದಳು. ಮಾತು ಕಲಿಸುವುದೇ ಅವಳ ಕೆಲಸ. ಜೊತೆಗೆ ಡಾಕ್ಟರೂ ಮೊದಲೆರಡು ದಿನ ಬಂದರು. ಮೊದಲು ಅವನಿಗೆ ನೀಲಿ ಬಣ್ಣದ ನೀರು ಕುಡಿಸಿ, ಅದು ಶ್ವಾಸನಾಳಕ್ಕೆ ಇಳಿಯುತ್ತದೆಯೇ ಎಂದು ನೋಡಿದರು. ಇಳಿಯಲಿಲ್ಲ. ಆಮೇಲೆ ಚೈತ್ರ ಒಂದು ಹೊಸ ಕೊಳವೆ ತೆಗೆದು ನಮಗೆಲ್ಲ ತೋರಿಸಿದಳು. ಕೊಳವೆಯ ಸುತ್ತ ಸಣ್ಣ ಬಲೂನು.

"ಈ ಬಲೂನ್ ಉಬ್ಬಿರೋವರೆಗೂ ಗಾಳಿಯೆಲ್ಲ ಶ್ವಾಸಕೋಶಕ್ಕೇ ಹೋಗುತ್ತೆ, ಮೇಲೆ ಗಂಟಲಿಗೆ ಒಂಚೂರೂ ಬರಲ್ಲ. ಗಾಳಿ ಇಲ್ದೆ ದನಿ ಎಲ್ಲಿಂದ ಬರಬೇಕು? ಬಲೂನ್ ಇಳಿಸಿದ್ರೆ ಸ್ವಲ್ಪ ಗಾಳಿ ಮೇಲಕ್ಕೆ ಸೋರುತ್ತೆ. ಅಷ್ಟು ಸಾಕು ಅಂಕಲ್ ಮಾತಾಡಕ್ಕೆ. ಸೋರಿದ್ದಕ್ಕೆ ತಕ್ಕ ಹಾಗೆ ಡಾಕ್ಟರ್ ಮಿಷಿನ್‌ನಲ್ಲಿ ಗಾಳಿ ಜಾಸ್ತಿ ಇಡ್ತಾರೆ."

ಮುನಿರತ್ನ ಬಿಳಿಚಿಕೊಂಡಳು. "ಬಲೂನು ಇಳೀಬಾರ್ದು ಅಂತ ನೀವೇ ಹೇಳಿ ಕಳ್ಸಿದ್ರಲ್ಲ! ದಿನಾ ಮೂರು ಸಲ ನೋಡ್ತೀನಿ ನಾನು."

"ಅದು ಆಗ. ಈಗ ನಾವು ಪಕ್ಕದಲ್ಲೇ ನಿಂತು, ಕಫ ತೆಗೆದು, ನಿಧಾನವಾಗಿ ಇಳಿಸೋದು ಆಂಟಿ."

ಮೊದಲ ದಿನ ಸೋತೆವು. ಸಿರಿಂಜಿನಲ್ಲಿ ಬಲೂನಿನ ಗಾಳಿ ಎಳೆಯುತ್ತಿದ್ದಂತೆ ಚಲಪತಿಗೆ ಕೆಮ್ಮು ಒತ್ತರಿಸಿ ಬಂತು, ಮುಖ ಕೆಂಪಾಯಿತು, ಗಾಳಿ ಸೋರುತ್ತಿದೆ ಎಂದು ಮಿಷಿನ್ ಬಡಿದುಕೊಂಡಿತು. ಬೆರಳಿನ ಮೀಟರಿನಲ್ಲಿ ಆಮ್ಲಜನಕ ತೊಂಬತ್ತೊಂದಕ್ಕೆ ಇಳಿಯಿತು. ಮುನಿರತ್ನ, "ತುಂಬ್ರೀ, ತುಂಬ್ರೀ ಮೊದ್ಲು" ಎಂದು ಕಿರುಚಿದಳು. ಬಲೂನು ತುಂಬಿದರು. ಅವಳು ಅವನ ಹಣೆ ಒರೆಸುತ್ತ ಕೂತಳು. ಇವಳಿಗೆ ಒಳಗೇ ಖುಷಿಯಾಗಿರಬೇಕು ಎಂದು ನಾನು ಅಂದುಕೊಂಡೆ. ಅಂದುಕೊಂಡಿದ್ದನ್ನು ಮುಚ್ಚಿಡುವುದಿಲ್ಲ.

ಎರಡನೇ ದಿನ ಡಾಕ್ಟರು ಮಿಷಿನ್ನಿನ ಲೆಕ್ಕ ಬದಲಿಸಿದರು, ಗಾಳಿ ಹೆಚ್ಚಿಸಿದರು, ತಳ್ಳುವ ಹೊತ್ತನ್ನು ಸ್ವಲ್ಪ ಉದ್ದ ಮಾಡಿದರು. ಬಲೂನು ಇಳಿಯಿತು. ಕೆಮ್ಮು ಬಂದು ಹೋಯಿತು. ಮೀಟರು ತೊಂಬತ್ತಾರರಲ್ಲಿ ನಿಂತಿತು. ಎಲ್ಲರೂ ಮಂಚದ ಸುತ್ತ ಬಗ್ಗಿ ನಿಂತೆವು. ಚಲಪತಿ ಬಾಯಿ ಅಗಲಿಸಿ ಏನೋ ಹೇಳಿದ. ದನಿ ಬರಲಿಲ್ಲ.

"ಫ್ಯಾನ್ ಜಾಸ್ತಿ ಮಾಡ್ಬೇಕಂತೆ" ಎಂದು ದಿವ್ಯ ಓಡಿದಳು. ಇನ್ನೇನೋ ಹೇಳಿದ. ಮುನಿರತ್ನ ಥಟ್ಟನೆ ದಿಂಬು ಸರಿಮಾಡಿದಳು. ಚೈತ್ರ ಇದನ್ನೆಲ್ಲ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

"ಅಂಕಲ್ ಗಂಟಲನ್ನ ಉಪಯೋಗಿಸ್ತಾನೇ ಇಲ್ಲ. ಯಾಕೆ ಉಪಯೋಗಿಸ್ಬೇಕು? ಬಾಯಿ ತೆರೆಯೋ ಮುಂಚೇನೇ ನೀವು ಓಡ್ತೀರಾ" ಎಂದಳು. ಆಮೇಲೆ ಗದರಿದಳು, ನಾನು ತರಗತಿಯಲ್ಲಿ ಗದರುತ್ತಿದ್ದ ಹಾಗೆಯೇ. "ಎಲ್ಲರೂ ಗೋಡೆ ಕಡೆ ತಿರುಗಿ! ಯಾರೂ ಅಂಕಲ್ ಮುಖ ನೋಡಬಾರ್ದು. ನಾನು ಹೇಳೋವರೆಗೂ."

ನಾವು ಗೋಡೆಗೆ ತಿರುಗಿದೆವು. ನಾನು, ಮುನಿರತ್ನ, ದಿವ್ಯ, ರಜೆ ಹಾಕಿ ಬಂದಿದ್ದ ಅಶೋಕ, ನಾಲ್ವರೂ ಶಿಕ್ಷೆಗೆ ನಿಂತ ಮಕ್ಕಳಂತೆ ಸಾಲಾಗಿ ನಿಂತೆವು. ನನ್ನ ಮೂಗಿನ ಮುಂದೆ ಹಳೆಯ ಕ್ಯಾಲೆಂಡರ್. ಹಿಂದೆ ಚೈತ್ರಳ ದನಿ. "ಅಂಕಲ್, ನಾವೆಲ್ಲ ಉಸಿರು ಬಿಡುವಾಗ ಮಾತಾಡ್ತೀವಿ. ನಿಮಗೆ ಉಲ್ಟಾ. ಮಿಷಿನ್ ಒಳಗೆ ತಳ್ಳುವಾಗಲೇ ಮಾತಾಡ್ಬೇಕು. ಆಗಲೇ ಗಾಳಿ ಮೇಲಕ್ಕೆ ಬರೋದು. ಮಿಷಿನ್ ಸದ್ದು ಕೇಳಿಸ್ಕೊಳ್ಳಿ. ತಳ್ಳಿದಾಗ ಹಿಡೀರಿ."

ಮಿಷಿನ್ ತಳ್ಳಿತು, ನಿಂತಿತು. ತಳ್ಳಿತು, ನಿಂತಿತು. ಮುನಿರತ್ನಳ ತಲೆ ಹಿಂದಕ್ಕೆ ತಿರುಗಲು ಹೊರಟಿತು, ನಾನು ಮೊಣಕೈಯಲ್ಲಿ ತಿವಿದೆ. ಮೂವತ್ತು ವರ್ಷ ಲಾಳಿಯ ಓಟವನ್ನು ಕಿವಿಯಲ್ಲೇ ಅಳೆದವನು ನನ್ನ ತಮ್ಮ. ಒಂದು ಮಗ್ಗದ ತಾಳ ಕೂದಲಷ್ಟು ತಪ್ಪಿದರೂ ಆಚೆ ಕೋಣೆಯಿಂದ ಎದ್ದು ಬರುತ್ತಿದ್ದ. ಅವನು ಕಾಯುತ್ತಿದ್ದ ಎಂದು ನನಗೆ ಗೊತ್ತಿತ್ತು. ಐದಾರು ಉಸಿರು ಹೋದವು.

ಆಮೇಲೆ ಒಂದು ಗೊರಗೊರ. ಅದರ ಹಿಂದೆಯೇ, ಒಡೆದ, ತುಕ್ಕು ಹಿಡಿದ, ಆದರೆ ಖಂಡಿತ ಅವನದೇ ಆದ ದನಿ.

"ಮೂಗು…"

ಮಿಷಿನ್ ಉಸಿರು ಬಿಟ್ಟಿತು, ಮತ್ತೆ ತಳ್ಳಿತು.

"ಕೆರೀತೈತೆ."

ಎಂಟು ತಿಂಗಳ ಮೇಲೆ ಬಂದ ಮೊದಲ ಮಾತು ಇದು. ಏನೋ ದೊಡ್ಡ ಮಾತು ಬರುತ್ತದೆ ಎಂದು ನಿಂತಿದ್ದ ನಾವು ನಾಲ್ವರೂ ಒಂದೇ ಸಲ ತಿರುಗಿ, ಅವನ ಮೂಗು ಕೆರೆಯಲು ಒಬ್ಬರ ಮೇಲೊಬ್ಬರು ಬಿದ್ದೆವು. ಅಶೋಕ ಗೋಡೆಗೆ ಒರಗಿ ಗಳಗಳ ಅತ್ತ. ನಾನು ನಕ್ಕೆ, ಅತ್ತೆ, ಯಾವುದು ಮೊದಲು ಎಂದು ಗೊತ್ತಿಲ್ಲ. ಮೂಗು ಕೆರೆದವಳು ಮುನಿರತ್ನ. ಅವಳ ಕೈ ಎಲ್ಲರಿಗಿಂತ ಮುಂದೆ ಹೋಗಿತ್ತು.

ಅಂದಿನಿಂದ ಮನೆಗೆ ಒಂದು ಕಾನೂನು ಬಂತು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ಬಲೂನು ಇಳಿಸಿದಾಗ ಯಾರೂ ಚಲಪತಿಯ ಮುಖ ನೋಡುವಂತಿಲ್ಲ. ನಾನು ತ್ಯಾಮಗೊಂಡ್ಲಿಗೆ ವಾಪಸು ಹೋಗದೆ ಅಲ್ಲೇ ಉಳಿದೆ. ಮೊದಲು ಉಸಿರಿಗೆ ಒಂದು ಮಾತು. ನಾಲ್ಕನೇ ದಿನಕ್ಕೆ ಎರಡು. ತಳ್ಳುವ ಮೊದಲೇ ಶುರುಮಾಡಿದರೆ ಅರ್ಧ ಮಾತು ನುಂಗಿಹೋಗುತ್ತಿತ್ತು, ಅವನು ಮಿಷಿನ್ನಿಗೆ ಬೈಯುತ್ತಿದ್ದ. ಬೈಗುಳ ಮಾತ್ರ ಪೂರ್ತಿಯಾಗಿ ಬರುತ್ತಿತ್ತು. ಚೈತ್ರ ಕಿವಿ ಮುಚ್ಚಿಕೊಂಡು, "ಸೂಪರ್ ಅಂಕಲ್, ಇದೇ ಫೋರ್ಸಲ್ಲಿ ಬೇರೆ ಏನಾದ್ರೂ ಹೇಳಿ" ಎನ್ನುತ್ತಿದ್ದಳು. ಮಗ್ಗದ ಮಾತನ್ನು ಮಾತ್ರ ಅವನು ಎತ್ತಲಿಲ್ಲ, ಅಶೋಕನ ಎದುರು ಒಂದೇ ಉಸಿರಿಗೆ ಹೇಳುವಷ್ಟು ದನಿ ಬರಲಿ ಎಂದು ಕಾಯುತ್ತಿದ್ದ.

ವಾರ ಕಳೆದ ಮೇಲೆ ಅವಳು ಒಂದು ಪುಟ್ಟ ಮುಚ್ಚಳ ತಂದಳು. ಮಾತಿನ ವಾಲ್ವ್. ಕೊಳವೆಗೂ ಮಿಷಿನ್ ಪೈಪಿಗೂ ನಡುವೆ ಸಿಕ್ಕಿಸಿದರೆ ಗಾಳಿ ಒಳಗೆ ಹೋಗುತ್ತದೆ, ವಾಪಸು ಆ ದಾರಿಯಲ್ಲಿ ಬರದೆ ಪೂರ್ತಿ ಗಂಟಲಿನಿಂದಲೇ ಹೊರಗೆ ಬರುತ್ತದೆ. ಮಿಷಿನ್ ತಳ್ಳಿ ನಿಂತ ಮೇಲೂ ಮಾತು ಮುಂದುವರಿಸಬಹುದು. "ಆದ್ರೆ ಬಲೂನ್ ಉಬ್ಬಿರುವಾಗ ಇದನ್ನ ಹಾಕಲೇಬಾರ್ದು. ಉಸಿರು ಒಳಗೆ ಹೋಗಿ ಹೊರಗೆ ಬರಕ್ಕೆ ದಾರಿ ಇರಲ್ಲ, ಜೀವಕ್ಕೇ ಅಪಾಯ" ಎಂದು ಚೈತ್ರ ಮೂರು ಸಲ ಹೇಳಿದಳು. ಮುನಿರತ್ನ ಅದನ್ನು ಕೆಂಪು ಪೆನ್ನಿನಲ್ಲಿ ಬರೆದು ಮಂಚದ ತಲೆಗೆ ಅಂಟಿಸಿದಳು. ದಿನಾ ಕಫ ತೆಗೆದು, ಬಲೂನು ಇಳಿಸಿ, ಸಿರಿಂಜು ನೋಡಿ, ಮೀಟರು ನೋಡಿ, ಆ ವಾಲ್ವ್ ಸಿಕ್ಕಿಸುತ್ತಿದ್ದವಳು ಅವಳೇ. ಇನ್ನು ಯಾರ ಕೈಗೂ ಬಿಡುತ್ತಿರಲಿಲ್ಲ.

ಅದನ್ನು ನೋಡುತ್ತ ಕೂತಿದ್ದ ನನಗೆ ಒಂದು ಸರಳ ವಿಷಯ ಹೊಳೆಯಬೇಕಿತ್ತು. ಈ ದನಿ ಬಲವಾದ ದಿನ ಮೊದಲು ಸಿಕ್ಕಿಬೀಳುವವಳು ಅವಳೇ. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ದಿನಕ್ಕೆರಡು ಸಲ ತನ್ನ ಕೈಯಾರೆ ಅವನ ದನಿಗೆ ದಾರಿ ಬಿಡುತ್ತಿದ್ದಳು. ನನಗೆ ಇದು ಹೊಳೆಯಲಿಲ್ಲ. ಕೋಪ ಇದ್ದ ತಲೆಯಲ್ಲಿ ಬೇರೆಯದಕ್ಕೆ ಜಾಗ ಇರುವುದಿಲ್ಲ. ಭಾನುವಾರ ಬರಲಿ, ಎಲ್ಲರ ಮುಂದೆ ಇವಳ ಬಣ್ಣ ಬಯಲಾಗಲಿ ಎಂದು ನಾನು ದಿನ ಎಣಿಸುತ್ತಿದ್ದೆ.

ಭಾನುವಾರ ಬಂತು. ಹತ್ತು ಗಂಟೆಗೆ ಗುಜರಿಯವರು ಗಾಡಿ ತಂದು ನಿಲ್ಲಿಸಿದರು. ಮೂವರು ಆಳುಗಳು, ಗ್ಯಾಸ್ ಕಟರ್, ತೂಕದ ಯಂತ್ರ. ಮನೆಯೊಳಗೆ ಬಲೂನು ಇಳಿಸಿ, ವಾಲ್ವ್ ಹಾಕಿ, ಮಂಚದ ತಲೆ ಎತ್ತರಿಸಿ ಇಟ್ಟಿದ್ದಳು ಮುನಿರತ್ನ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಅಶೋಕ ಮಗ್ಗದ ಮನೆಯ ಬೀಗದ ಕೈ ತೆಗೆದುಕೊಳ್ಳಲು ಒಳಗೆ ಬಂದ. ದಿವ್ಯ ಬಾಗಿಲಿಗೆ ಒರಗಿ ಅಳು ತಡೆದುಕೊಂಡು ನಿಂತಿದ್ದಳು.

"ಅಶೋಕಾ" ಎಂದ ಚಲಪತಿ.

ಹೊರಗೆ ನಿಂತ ಆಳುಗಳಿಗೂ ಕೇಳಿಸಿತು. ಅಭ್ಯಾಸದ ಎರಡು ವಾರದಲ್ಲಿ ಅಷ್ಟು ಗಟ್ಟಿ ದನಿ ನಾನು ಕೇಳಿರಲಿಲ್ಲ. ಮಿಷಿನ್ ಮತ್ತೆ ತಳ್ಳುವವರೆಗೆ ಕಾದ.

"ಮಗ್ಗ ಕೊಡಲ್ಲ ಕಣೋ. ದಿವ್ಯ ಓಡಿಸ್ತಾಳೆ."

ಒಂದೇ ಉಸಿರಿನಲ್ಲಿ! ಬಾಗಿಲಲ್ಲಿ ದಿವ್ಯ ಬಾಯಿಗೆ ಕೈ ಅಡ್ಡ ಹಿಡಿದಳು. ಅಶೋಕ ಬೀಗದ ಕೈ ಹಿಡಿದುಕೊಂಡೇ ತಬ್ಬಿಬ್ಬಾದ.

"ಅಲ್ಲಣ್ಣಾ, ಅವತ್ತು ನೀನೇ ಕೊಟ್ಬಿಡು ಅಂದ್ಯಲ್ಲ? ಅತ್ತಿಗೆ ಹೇಳಿದ್ರಲ್ಲ! ಗಾಡಿ ಬಂದು ನಿಂತಿದೆ ಹೊರಗೆ."

ಎಲ್ಲರ ಕಣ್ಣೂ ಮುನಿರತ್ನಳ ಕಡೆ ಹೋಯಿತು. ಅವಳು ಮಂಚದ ಕಂಬಿ ಹಿಡಿದುಕೊಂಡಿದ್ದಳು. ಬಾಯಿ ತೆರೆದಳು. "ನಾನು… ಅವತ್ತು ನಾನು…" ಎಂದಳು. ನಾನೂ ಬಾಯಿ ತೆರೆದೆ. ಹದಿನೆಂಟು ದಿನ ನಾಲಿಗೆ ತುದಿಯಲ್ಲಿ ಇಟ್ಟುಕೊಂಡಿದ್ದ ಮಾತು ಹೊರಬೀಳಲು ಸಿದ್ಧವಾಗಿತ್ತು.

ಚಲಪತಿ ನಮ್ಮಿಬ್ಬರಿಗಿಂತ ಮುಂಚೆ ಉಸಿರು ಹಿಡಿದ.

"ಹೂಂ ಕಣೋ, ಅವತ್ತು ನಾನೇ ಅಂದೆ." ಮಿಷಿನ್ ತಳ್ಳಿತು. "ರತ್ನ ಸರಿಯಾಗೇ ಹೇಳಿದ್ಲು." ಮತ್ತೆ ತಳ್ಳಿತು. "ಮನಸ್ಸು ಬದಲಾಯ್ತು. ಬದಲಾಗ್ಬಾರ್ದಾ?"

ನನಗೆ ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಮುನಿರತ್ನ ಕಂಬಿ ಹಿಡಿದ ಕೈಯ ಮೇಲೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅಶೋಕ ಏನೂ ಅರ್ಥವಾಗದೆ ನನ್ನ ಮುಖ ನೋಡಿದ. ಚಲಪತಿ ಮುಂದುವರಿಸಿದ, ಒಂದೊಂದು ಉಸಿರಿಗೆ ಒಂದೊಂದು ತುಂಡು.

"ಮಗ್ಗ ಓಡಿದ್ರೆ ಮಿಷಿನ್ ಬೆಲ್ಲು ಕೇಳ್ಸಲ್ಲ. ಪೈಪ್ ಕಳಚಿದ್ರೂ ಗೊತ್ತಾಗಲ್ಲ. ಅದೇ ಭಯ ಇವಳಿಗೆ. ಬಾಯಿಬಿಟ್ಟು ಹೇಳಲ್ಲ. ನಾನು ಮನೆಗೆ ಬಂದಾಗಿಂದ ಮಿಕ್ಸೀನೂ ಆನ್ ಮಾಡಿಲ್ಲ ಕಣೋ, ಚಟ್ನಿ ಒರಳಲ್ಲೇ ಅರೀತಾಳೆ."

ಆಗ ನನಗೆ ಗೊತ್ತಾಯಿತು. ಭಾನುವಾರ ಭಾನುವಾರ ಬಂದು ಆ ಚಟ್ನಿ ತಿಂದು, ರುಚಿಯಾಗಿದೆ ಎಂದು ಹೇಳಿ ಹೋದವಳು ನಾನು. ಯಾಕೆ ಒರಳು ಎಂದು ಒಂದು ದಿನ ಕೇಳಿರಲಿಲ್ಲ. ಆ ಮನೆಯಲ್ಲಿ ಟಿ.ವಿ. ಹಾಕುತ್ತಿರಲಿಲ್ಲ, ಕುಕ್ಕರ್ ಕೂಗಿಸುತ್ತಿರಲಿಲ್ಲ. ಗಂಡನ ಮಿಷಿನ್ ಕೂಗಿದರೆ ಕೇಳಬೇಕೆಂದು ಇಡೀ ಮನೆಯನ್ನು ಅವಳು ಮೌನವಾಗಿ ಇಟ್ಟಿದ್ದಳು. ನಾಲ್ಕು ಮಗ್ಗ ಮತ್ತೆ ಓಡಿದರೆ ತನ್ನ ಗಂಡ ಸದ್ದಿಲ್ಲದೆ ಸತ್ತುಹೋಗುತ್ತಾನೆ ಎಂಬ ಭಯದಲ್ಲಿ ಅವನ ಮಾತು ತಿರುಚಿದ್ದಳು. ಮಾಡಿದ್ದು ತಪ್ಪು, ಈಗಲೂ ತಪ್ಪೇ ಎನ್ನುತ್ತೇನೆ. ಆದರೆ ಅವಳ ಮೇಲಿನ ಕೋಪ ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

"ನೀನು ಏರ್‌ಪೋರ್ಟಿಗೇ ಲೈಟ್ ಹಾಕೋನು. ಮಗ್ಗದ ಮನೇಗೆ ಒಂದು ಹಾಕಕ್ಕಾಗಲ್ವಾ?" ಎಂದು ಕೇಳಿದ ಚಲಪತಿ ತಮ್ಮನನ್ನು. "ಇಲ್ಲಿ ಬೆಲ್ಲು ಹೊಡೆದ್ರೆ ಅಲ್ಲಿ ಕೆಂಪು ಲೈಟು. ದೊಡ್ಡದು ಹಾಕು."

ಅಶೋಕ ಕಣ್ಣೊರೆಸಿಕೊಂಡು ಮಿಷಿನ್ನಿನ ಹಿಂಭಾಗಕ್ಕೆ ಹೋಗಿ ಬಗ್ಗಿದ. ಚೈತ್ರಳಿಗೆ ಫೋನ್ ಮಾಡಿದ. ಆಚೆ ಕೋಣೆಗೆ ಅಲಾರಂ ತಂತಿ ಎಳೆಯಲೆಂದೇ ಅಲ್ಲೊಂದು ಕಿಂಡಿ ಇತ್ತಂತೆ. ಗುಜರಿಯವರಿಗೆ ನಾನೇ ಹೋಗಿ ಕೈ ಮುಗಿದೆ. ಅವರಲ್ಲಿ ಹಿರಿಯನು ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದ. "ಇರ್ಲಿ ಬುಡಮ್ಮ, ನಮ್ಗೆ ಕಬ್ಬಿಣ ಬೇರೆ ಕಡೆ ಸಿಗ್ತದೆ" ಎಂದು ಕಾಫಿ ಕುಡಿದು ಗಾಡಿ ತಿರುಗಿಸಿದ.

ಮೂರು ವಾರದಲ್ಲಿ ಮಗ್ಗಗಳಿಗೆ ಎಣ್ಣೆ ಬಿದ್ದು, ಎರಡು ಓಡಲು ಶುರುವಾದವು. ಪ್ರತಿ ಮಗ್ಗದ ನೆತ್ತಿಯ ಮೇಲೂ ಒಂದೊಂದು ಕೆಂಪು ಲೈಟು. ಮೊದಲ ದಿನ ಮುನಿರತ್ನ ಬೇಕೆಂದೇ ಹತ್ತು ಸಲ ಅಲಾರಂ ಹೊಡೆಸಿ ನೋಡಿದಳು, ಹತ್ತು ಸಲವೂ ದಿವ್ಯ ಓಡಿ ಬಂದಳು. ಚಲಪತಿ ಮಲಗಿದಲ್ಲಿಂದಲೇ ಸದ್ದು ಕೇಳಿ, "ಎರಡನೇದು ಎಳೀತೈತೆ, ಬೆಲ್ಟ್ ನೋಡು" ಎಂದು ಕೂಗುತ್ತಾನೆ. ದಿವ್ಯಳಿಗೆ ಅದು ಕೇಳಿಸುವುದಿಲ್ಲ, ಬಿಡಿ. ಆದರೂ ಕೂಗುತ್ತಾನೆ. ಬೆಳಿಗ್ಗೆ ಎಂಟಕ್ಕೆ ನನ್ನ ಫೋನ್ ಬಡಿದುಕೊಳ್ಳುತ್ತದೆ.

ಒಂದು ಪ್ರಶ್ನೆ ಮಾತ್ರ ನನ್ನೊಳಗೆ ಉಳಿದಿತ್ತು. ಟೀಚರ್ ಅಲ್ಲವೇ, ಸುಳ್ಳು ಕಂಡರೆ ಕೆಂಪು ಗೆರೆ ಎಳೆಯುವ ಚಾಳಿ. ಮೊನ್ನೆ ಇಬ್ಬರೇ ಇದ್ದಾಗ ಕೇಳಿಯೇಬಿಟ್ಟೆ. "ಅಷ್ಟು ಕಷ್ಟಪಟ್ಟು ದನಿ ತಂದ್ಕೊಂಡೆ. ಎಲ್ಲರ ಮುಂದೆ ಮೊದಲನೇ ಸಲ ಮಾತಾಡಕ್ಕೆ ಕೂತು ಸುಳ್ಳು ಹೇಳಿದೆಯಲ್ಲೋ. ಯಾಕೆ?"

ಅವನು ನಕ್ಕ. ಮಿಷಿನ್ ತಳ್ಳುವವರೆಗೆ ನಿಧಾನವಾಗಿ ಕಾದ.

"ಬಾಯಿ ನಂದು ಕಣಕ್ಕಾ. ಇನ್ಮೇಲೆ ನಿಜಾನೂ ನಾನೇ ಹೇಳ್ತೀನಿ, ಸುಳ್ಳೂ ನಾನೇ ಹೇಳ್ತೀನಿ."